ವರ್ಷದ ನಾಟಕಗಳು ಯಾರಿಗಾಗಿ?

ವಿಶ್ವವಿದ್ಯಾನಿಲಯಗಳ ನಾಟಕ ವಿಭಾಗಗಳು ವರ್ಷಾಂತ್ಯದಲ್ಲಿ ತಾವಾಡಿದ ನಾಟಕಗಳ ಪಟ್ಟಿಯನ್ನು ಅಭಿಮಾನದಿಂದ ಒಪ್ಪಿಸುವುದುಂಟು. ಭಾಸ, ಷೇಕ್ಸ್‌ಪಿಯರ್, ಬ್ರೆಕ್ಟ್, ಕಾರ್ನಾಡ, ಪಟ್ಟಿಯೇನೋ ಘನವಾದುದೇ. ಆದರೆ ನೋಡಿದವರಾರು? ತಿಂಗಳುಗಟ್ಟಲೆ ಅಭ್ಯಾಸ, ಆವರಣದೊಳಗೇ ಒಂದೆರಡು ಪ್ರದರ್ಶನ. ಅಂಕ ಬಿದ್ದೊಡನೆ ರಂಗಸಜ್ಜಿಕೆ ಉಗ್ರಾಣಕ್ಕೆ! ಬಹುಪಾಲು ನಡೆಯುವುದಿಷ್ಟೇ.

ಹಣವಿಲ್ಲವೆಂಬ ಸಮಾಧಾನವನ್ನು ನಾನೊಪ್ಪಲಾರೆ. ಹೆಗ್ಗೋಡೆಂಬ ಹಳ್ಳಿಯ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದು, 1985ರಲ್ಲಿ ‘ತಿರುಗಾಟ’ವನ್ನು ಹೊರಡಿಸಿತು; ನಾಟಕಗಳು ಊರೂರು ಸುತ್ತಿದುವು. ಆ ಮಾತಾದರೂ ನಮ್ಮ ಯಕ್ಷಗಾನ ಮೇಳಗಳಲ್ಲಿ ಮೊದಲಿನಿಂದ ಬಳಕೆಯಲ್ಲಿದ್ದುದೇ. ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಮೇಳಗಳು ಪತ್ತನಾಜೆಯವರೆಗೆ ತಿರುಗುತ್ತವೆ. ಅವುಗಳಿಗೆ ಯಾವ ವಿಶ್ವವಿದ್ಯಾನಿಲಯ ಹಣ ಕೊಟ್ಟಿತು?

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ನಾಟಕವನ್ನು ಪಾಠವಾಗಿ ಓದಿ ಪಾತ್ರಪರಿಚಯ ಬರೆಯುತ್ತಾರೆ. ರಂಗದ ಮೇಲೆ ಆ ಮಾತು ಹೇಗೆ ಕೇಳಿಸೀತೆಂಬುದಕ್ಕೆ ಅವರಿಗಿರುವುದು ಮಾಸ್ತರನ ಗಂಟಲೊಂದೇ. ಕನ್ನಡ ವಿಭಾಗಗಳು ವರ್ಷಕ್ಕೊಂದು ನಾಟಕವನ್ನಾದರೂ ಗಡಿಯಾಚೆಯ ಹತ್ತು ಶಾಲೆಗಳಲ್ಲಿ ಆಡಲಿ. ಆಡದ ಹೊರತು ಅಂಕ ಕೊಡಕೂಡದು. ಇಲ್ಲಿಗಿಂತ ಕಠಿನ ಪರೀಕ್ಷಕರು ದೊರೆಯಲಾರರು. ಬೇಸರವಾದರೆ ನಮ್ಮ ಹುಡುಗರು ಎದ್ದೇ ಹೋಗುತ್ತಾರೆ. ಶಾಲೆಯ ಜಗಲಿಯಿದೆ, ಅಂಗಳವಿದೆ. ಬಂದವರಿಗೆ ಊಟವನ್ನೂ ಹಾಕುತ್ತೇವೆ.