ಕೆರೆಯ ಕೋಡಿಮಟ್ಟವೂ ಮನೆಯ ತಳಪಾಯವೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಪ್ರವಾಹಕ್ಕಿಂತ ಕ್ಷಾಮದ ಭಯವೇ ಹೆಚ್ಚು. ಕೆರೆಗಳು ಬಹುಕಾಲ ಬತ್ತಿದ್ದುದರಿಂದ ಅಂಗಳದ ಅಂಚಿನಲ್ಲಿಯೂ ಕೋಡಿಹಳ್ಳದ ದಡದಲ್ಲಿಯೂ ವಾಸದ ಮನೆಗಳು, ಹುಳುಸಾಕಣೆಯ ಮನೆಗಳು ಎದ್ದವು. 2021ನೆಯ ಇಸವಿ ನವೆಂಬರಿನ ಮಳೆಗೆ ಕೆರೆಗಳು ಕೋಡಿಬಿದ್ದು, ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಇದಲ್ಲದೆ, ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಶುದ್ಧೀಕರಿಸಿದ ನೀರು ಕಂದವಾರ ಕೆರೆಯೇ ಮೊದಲಾದವುಗಳಿಗೆ ಬಂದಿದೆ. ಮೊದಲೇ ತುಂಬಿದ ಕೆರೆಯು ಬೇಗನೆ ಕೋಡಿಬೀಳುವುದು ಸಹಜ.

ಅಮೆರಿಕಾ ದೇಶದಲ್ಲಿ ನೆರೆಪ್ರದೇಶದ ಮನೆಯ ನೆಲವು ನಿರೀಕ್ಷಿತ ನೆರೆಮಟ್ಟಕ್ಕಿಂತ ಎಷ್ಟು ಎತ್ತರವೆಂಬುದನ್ನು ಅಳೆದು ಮೋಜಣಿದಾರರು ಪತ್ರ ಕೊಡುವರು. ನಮ್ಮಲ್ಲಿ ಖಾತೆಯನ್ನೂ ಚೆಕ್ಕುಬಂದಿಯನ್ನೂ ನೋಡುತ್ತೇವೆಯೇ ಹೊರತು ಎತ್ತರವನ್ನು ಕೇಳುವುದಿಲ್ಲ. ಚೆಕ್ಕುಬಂದಿಯು ನಿವೇಶನದ ಎಲ್ಲೆಯನ್ನು ಹೇಳುವುದು, ನೀರಿನ ಎಲ್ಲೆಯನ್ನು ಹೇಳದು.

ತಗ್ಗಿನ ನಿವೇಶನಗಳಿಗೆ ಇಂತಹ ಪತ್ರವು ಅತ್ಯಾವಶ್ಯಕವೆಂದು ನನ್ನ ಅಭಿಪ್ರಾಯ. ಅಂಗಳದ ಕಡೆಯ ನಿವೇಶನಕ್ಕೆ ಕೋಡಿಯ ಕಲ್ಲಿನ ಮಟ್ಟವನ್ನೂ ಅದರ ಮೇಲೆ ಹರಿಯುವ ನೀರಿನ ಆಳವನ್ನೂ ಕೂಡಿಸಿ ನೋಡಬೇಕು. ಏರಿಯ ಕೆಳಗಿನದಕ್ಕೆ 2021ರಲ್ಲಿ ನೀರು ಏರಿದ ಗುರುತೇ ಆಧಾರ. ಗಾರೆಯವರ ನೀರು ತುಂಬಿದ ಕೊಳವೆಯಿಂದ ಮೊದಲು ಸ್ಥೂಲವಾಗಿ ನೋಡಿಕೊಂಡು, ಅನಂತರ ಮೋಜಣಿದಾರರಿಂದ ಅಳೆಯಿಸಿ ಬರೆಯಿಸಬಹುದು. ಆದರೆ ಈ ಪತ್ರವು ಒತ್ತುವರಿಗೆ ರಕ್ಷೆಯಾಗಕೂಡದು.

ಇದರ ಖರ್ಚು, ಹೊಲವನ್ನು ನಿವೇಶನವಾಗಿ ಮಾರುವ ಭೂಮಾಲಿಕರದೇ ಆಗುವುದು ನ್ಯಾಯ. ಕೊಳ್ಳುವವರು ಅನೇಕ ವೇಳೆ ಪರಸ್ಥಳದವರು. ಮಳೆಗಾಲದಲ್ಲಿ ಆ ನೆಲವು ಹೇಗಿರುವುದೆಂದು ಬಲ್ಲವರು ತಾವು. ಗ್ರಾಮದ ಮುಖಂಡರು ಪಂಚಾಯಿತಿಯಲ್ಲಿ ಈ ವಿಷಯವನ್ನು ಚರ್ಚಿಸಿ, ಮುಂಗಾರಿಗೆ ಮೊದಲೇ ನಿರ್ಣಯ ಮಾಡುವರೆಂದು ನಂಬುತ್ತೇನೆ.