ಕೆರೆಯ ಪಾಠಕ್ಕೆ ಒಬ್ಬ ವಿದ್ಯಾರ್ಥಿ ಸಾಲದು

2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರುವ ಇಂಥ ಕೆರೆಗೆ ಮಧ್ಯಾಹ್ನದ ಬಿಸಿಲಲ್ಲಿ ಮಕ್ಕಳನ್ನು ಕರೆದೊಯ್ದು, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಿಸಿದರೆ ಫಲಿತಾಂಶ ಚೆನ್ನಾಗಿಯೇ ಬಂದೀತು. ಕೊಳಚೆಯ ಸಾರಜನಕ, ರಂಜಕಗಳನ್ನು ಉಂಡು ಕೊಬ್ಬಿದ ಪಾಚಿ ಬಿಸಿಲಿರುವಷ್ಟು ಹೊತ್ತು ಆಮ್ಲಜನಕವನ್ನು ಬಿಡುತ್ತದೆ. ಕತ್ತಲಾದೊಡನೆ ಅದೇ ಪಾಚಿ ಬ್ಯಾಕ್ಟೀರಿಯಾಗಳ ಜೊತೆಗೂಡಿ ಅದನ್ನು ಹೀರತೊಡಗುತ್ತದೆ. ಸೂರ್ಯೋದಯಕ್ಕೆ ಮುನ್ನ ಅದರ ಪ್ರಮಾಣ ತಳ ಮುಟ್ಟಿರುತ್ತದೆ. ಮೀನಿಗೆ ಉಸಿರು ಕಟ್ಟುವುದು ಆ ಹೊತ್ತಿನಲ್ಲಿ. ಶಾಲೆಯ ಗಂಟೆ ಬಾರಿಸುವುದು ಅದಾದ ಮೂರ್ನಾಲ್ಕು ತಾಸಿನ ಬಳಿಕ!

ಪರಿಸರ ವ್ಯವಸ್ಥೆಯ ಅಧ್ಯಯನವನ್ನು ಗುಂಪಾಗಿ ಮಾಡಿಸಬೇಕೆನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ರಾಜಕಾಲುವೆ ಬಂದು ಸೇರುವ ಜಾಗ, ಕೆರೆಯ ನಡುಭಾಗ, ಕೋಡಿ, ಮುಂಜಾವು, ನಡುಹಗಲು, ಸಂಜೆ, ಬೇಸಿಗೆ, ಮಳೆಗಾಲ. ಇಷ್ಟನ್ನೂ ಒಬ್ಬ ವಿದ್ಯಾರ್ಥಿ ಒಂದು ದಿನದಲ್ಲಿ ಕಾಣಲಾರ. ಹತ್ತು ಮಂದಿಯ ಅಂಕಿಗಳು ಒಂದೆಡೆ ಕೂಡಿದಾಗ, ಒಬ್ಬರದು ಇನ್ನೊಬ್ಬರದಕ್ಕೆ ಏಕೆ ತಾಳೆಯಾಗುತ್ತಿಲ್ಲ ಎಂಬ ಜಗಳ ಹುಟ್ಟುತ್ತದೆ. ಪಾಠ ಆರಂಭವಾಗುವುದು ಆ ಜಗಳದಿಂದ.

ಆದೇಶಗಳಿಗೇನೂ ಕೊರತೆಯಿಲ್ಲ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. 2003ರಲ್ಲಿ ಅದನ್ನೇ ಮತ್ತೆ ನೆನಪಿಸಬೇಕಾಯಿತು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವಂತೂ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ಗುಂಪಾಗಿ ತಮ್ಮೂರಿನ ಸಮಸ್ಯೆಯೊಂದನ್ನು ಶೋಧಿಸಬೇಕೆಂಬ ತಳಹದಿಯ ಮೇಲೆಯೇ ನಿಂತಿದೆ. 2022–23ರಲ್ಲಿ ಅದರ ಮುಖ್ಯ ವಿಷಯವೇ ಪರಿಸರ ವ್ಯವಸ್ಥೆಯಾಗಿತ್ತು. ಆದರೆ ಸಮಾವೇಶದ ವೇದಿಕೆಯೇರುವುದು ಆಯ್ದ ಕೆಲವರು. ಉಳಿದವರ ಪಾಲಿಗೆ ‘ಪ್ರಾಜೆಕ್ಟ್’ ಎಂದರೆ ಸ್ಟೇಷನರಿ ಅಂಗಡಿಯ ಚಿತ್ರ, ಅಂತರ್ಜಾಲದ ನಾಲ್ಕು ಪುಟ ಮತ್ತು ತಾಯಿಯ ನಿದ್ದೆಗೇಡು.

ಗುಂಪು ಎಂದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗದು ಎಂಬುದನ್ನೂ ಒಪ್ಪಬೇಕು. ಒಬ್ಬಳು ದುಡಿಯುತ್ತಾಳೆ, ನಾಲ್ವರು ಅಂಕ ಹಂಚಿಕೊಳ್ಳುತ್ತಾರೆ. ಉಪಕರಣ ಹುಡುಗರ ಕೈಗೆ, ದುಂಡಗೆ ಬರೆಯುವ ಕೆಲಸ ಹುಡುಗಿಯರ ಪಾಲಿಗೆ ಎಂಬ ವಿಂಗಡಣೆಯೂ ಸದ್ದಿಲ್ಲದೆ ನಡೆದುಹೋಗುತ್ತದೆ. ಅಂಕ ವರದಿಯ ಅಂದಕ್ಕಲ್ಲ, ಪ್ರತಿಯೊಬ್ಬರೂ ಕೆರೆಯಂಗಳದಲ್ಲೇ ಗೀಚಿಕೊಂಡ ಕಚ್ಚಾ ಟಿಪ್ಪಣಿಗೆ ಸಿಗುವಂತಾದರೆ ಈ ದೋಷ ಬಹುಮಟ್ಟಿಗೆ ತಗ್ಗೀತು.

ಹಣದ ನೆಪವನ್ನು ಹೆಚ್ಚು ದೂರ ಎಳೆಯಲಾಗದು. ಇಪ್ಪತ್ತು ಸೆಂಟಿಮೀಟರ್ ಅಗಲದ ತಟ್ಟೆಗೆ ಕಪ್ಪು–ಬಿಳಿ ಬಣ್ಣ ಬಳಿದು ಹಗ್ಗ ಕಟ್ಟಿ ಇಳಿಬಿಟ್ಟರೆ, ಅದು ಕಣ್ಮರೆಯಾಗುವ ಆಳವೇ ನೀರಿನ ತಿಳಿತನದ ಅಳತೆ. ಇಟಲಿಯ ಪಾದ್ರಿ ಆಂಜೆಲೊ ಸೆಕಿ 1865ರಲ್ಲಿ ಬಳಸಿದ ಈ ವಿಧಾನ ಇಂದಿಗೂ ಸವೆದಿಲ್ಲ. ನಸುಕಿನಲ್ಲಿ ಮಕ್ಕಳನ್ನು ಕೆರೆಗೆ ಕಳಿಸಲು ಪೋಷಕರು ಹಿಂಜರಿಯುವುದು ಸಹಜವೇ. ಅದಕ್ಕೂ ದಾರಿಯಿದೆ: ಹಿರಿಯರೊಬ್ಬರು ನೀರನ್ನು ಬಾಟಲಿಗೆ ತುಂಬಿ, ಅಲ್ಲಿಯೇ ಮ್ಯಾಂಗನೀಸ್ ಸಲ್ಫೇಟ್ ಹಾಗೂ ಕ್ಷಾರೀಯ ಅಯೊಡೈಡ್ ದ್ರಾವಣ ಬೆರೆಸಿ ಗಾಳಿಯಾಡದಂತೆ ಮುಚ್ಚಿ ತಂದರೆ ಸಾಕು. ಅದರ ಆಮ್ಲಜನಕವನ್ನು ಮಕ್ಕಳು ಕೆಲವು ತಾಸಿನ ನಂತರ ಪ್ರಯೋಗಾಲಯದಲ್ಲಿ ಲೆಕ್ಕಹಾಕಬಹುದು. ಆಮ್ಲದ ಬಳಕೆಯಿರುವುದರಿಂದ ಶಿಕ್ಷಕರು ಪಕ್ಕದಲ್ಲಿರಬೇಕು, ಅಷ್ಟೇ.

ನಿಜವಾದ ಕೊರತೆ ಕಾಲದ್ದು. ನಲವತ್ತೈದು ನಿಮಿಷದ ಪೀರಿಯಡ್ಡಿನೊಳಗೆ ಕೆರೆ ಹಿಡಿಸದು. ಜನಗಣತಿ, ಚುನಾವಣೆ ಎಂದು ಅಲೆಯುವ ಶಿಕ್ಷಕರಿಗೆ ವರ್ಷವಿಡೀ ಒಂದೇ ಕೆರೆಯ ಬೆನ್ನು ಹತ್ತಲು ಬಿಡುವಿಲ್ಲ. ಆದರೆ ಕೆರೆಯ ಗುಟ್ಟು ಬಯಲಾಗುವುದು ವರ್ಷದಿಂದ ವರ್ಷಕ್ಕೆ ಅಂಕಿ ಹೋಲಿಸಿದಾಗ. ಈ ಸಾಲಿನ ಎಂಟನೇ ತರಗತಿ ಬರೆದಿಟ್ಟ ಪುಸ್ತಕ ಮುಂದಿನ ಸಾಲಿನ ಎಂಟನೇ ತರಗತಿಯ ಕೈಸೇರಬೇಕು. ಈಗ ಅದು ಅಂಕ ದಾಖಲಾದ ಮೇಲೆ ರದ್ದಿಯವನ ತಕ್ಕಡಿ ಸೇರುತ್ತದೆ.