ಊಟದ ತಟ್ಟೆಯೂ ಆಯುಷ್ಯದ ಲೆಕ್ಕವೂ

ಐವತ್ತರ ಆಸುಪಾಸಿನ ಗೃಹಸ್ಥನೊಬ್ಬ ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡನೆಂಬ ವಾರ್ತೆ ಬಂದಾಗ 'ದೇವರ ಚಿತ್ತ' ಎಂದು ಸಮಾಧಾನ ತಂದುಕೊಳ್ಳುವುದು ನಮ್ಮಲ್ಲಿ ರೂಢಿ. ದುಃಖತಪ್ತರನ್ನು ಸಂತೈಸಲು ಆ ಮಾತು ಬೇಕು. ಆದರೆ ಅಂತ್ಯಕ್ರಿಯೆ ಮುಗಿಸಿ ಮನೆಗೆ ಮರಳಿದ ನಾವು ಅದೇ ಉಪ್ಪು, ಅದೇ ಎಣ್ಣೆ, ಅದೇ ಅನ್ನದ ರಾಶಿಯ ಮುಂದೆ ಕುಳಿತುಕೊಳ್ಳುತ್ತೇವೆ. ತಡೆಯಬಹುದಾದುದನ್ನೂ ದೇವರ ಮೇಲೆ ಹೊರಿಸುತ್ತಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಕಾಲ ಬಂದಿದೆ.

ಹೃದ್ರೋಗ, ಕ್ಯಾನ್ಸರ್, ಸಕ್ಕರೆ ಕಾಯಿಲೆ, ದೀರ್ಘಕಾಲದ ಶ್ವಾಸಕೋಶದ ರೋಗ ಇವುಗಳಿಂದ ಮೂವತ್ತರಿಂದ ಎಪ್ಪತ್ತು ವಯಸ್ಸಿನೊಳಗೆ ಸಂಭವಿಸುವ ಸಾವನ್ನು ವಿಶ್ವ ಆರೋಗ್ಯ ಸಂಸ್ಥೆಯು ಅಕಾಲ ಮರಣವೆಂದು ಪರಿಗಣಿಸುತ್ತದೆ. ಮಕ್ಕಳ ವಿದ್ಯಾಭ್ಯಾಸ, ಮದುವೆ, ಮನೆಯ ಸಾಲ ಎಲ್ಲವೂ ಹೆಗಲ ಮೇಲಿರುವ ವಯಸ್ಸು ಅದು. ಅಂಥ ಸಾವು ಒಬ್ಬನನ್ನು ಮಾತ್ರ ಕೊಂಡೊಯ್ಯುವುದಿಲ್ಲ; ಒಂದು ಕುಟುಂಬದ ಆಧಾರವನ್ನೇ ಕೊಂಡೊಯ್ಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿಯನ್ನು ಹೊರತಂದಿತು. ಈ ಸಂಸ್ಥೆಯ ಮೂಲ 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಅಧ್ಯಯನಕ್ಕಾಗಿ ತೆರೆದ ಒಂದು ಪುಟ್ಟ ಪ್ರಯೋಗಾಲಯ. ಅಂದು ಜನರು ಕೊರತೆಯಿಂದ ಸಾಯುತ್ತಿದ್ದರು. ಇಂದು ಕೊರತೆಯ ಜೊತೆಗೆ ಅತಿಯೂ ಸೇರಿಕೊಂಡಿದೆ. ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟಕ್ಕೆ ಅಸಮರ್ಪಕ ಆಹಾರವೇ ಕಾರಣವೆಂದು ಮಾರ್ಗಸೂಚಿ ಅಂದಾಜಿಸುತ್ತದೆ. ಆರೋಗ್ಯಕರ ಜೀವನಕ್ರಮದಿಂದ ಅಕಾಲ ಮರಣಗಳ ಗಣನೀಯ ಪಾಲನ್ನು ತಪ್ಪಿಸಬಹುದೆಂದೂ ಹೇಳುತ್ತದೆ.

ಅದರ ಹದಿನೇಳು ಸೂತ್ರಗಳ ಸಾರ ಸರಳವಾಗಿದೆ. ದಿನಕ್ಕೆ 2,000 ಕ್ಯಾಲೊರಿ ಬೇಕಾದ ವ್ಯಕ್ತಿಗೆ ಅಕ್ಕಿ, ಗೋಧಿ, ರಾಗಿ ಮುಂತಾದ ಧಾನ್ಯಗಳು 250 ಗ್ರಾಂ. ಸೊಪ್ಪು ಸೇರಿ ತರಕಾರಿ 400 ಗ್ರಾಂ. ಹಣ್ಣು 100 ಗ್ರಾಂ. ಬೇಳೆಕಾಳು, ಮೊಟ್ಟೆ, ಮೀನು, ಮಾಂಸ ಒಟ್ಟಿಗೆ 85 ಗ್ರಾಂ. ಎಣ್ಣೆ 27 ಗ್ರಾಂ. ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಒಂದು ಚಹಾ ಚಮಚದಷ್ಟು. ಧಾನ್ಯಗಳಿಂದ ಬರುವ ಶಕ್ತಿ ಶೇ. 45ರ ಒಳಗಿರಬೇಕು, ವಾಸ್ತವದಲ್ಲಿ ನಮ್ಮ ದೇಶದಲ್ಲಿ ಅದು ಶೇ. 50ರಿಂದ 70ರಷ್ಟಿದೆ. ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣುಗಳಿಗೆ ಮೀಸಲಾಗಬೇಕು. ನಮ್ಮ ತಟ್ಟೆಯಲ್ಲಾದರೋ ಅನ್ನವೇ ಬೆಟ್ಟ. ಪಲ್ಯ ಅದರ ಅಂಚಿನಲ್ಲಿ ಒಂದು ಹಿಡಿ.

ಇಂಥ ಸೂತ್ರಗಳನ್ನು ಪಾಲಿಸಿದರೆ ಆಯುಷ್ಯ ಹೆಚ್ಚುವುದು ನಿಜವೇ? ಬ್ರಿಟನ್ನಿನ ರಾಷ್ಟ್ರೀಯ ಆಹಾರ ಮಾರ್ಗಸೂಚಿಯನ್ನು ಕುರಿತು 2020ರಲ್ಲಿ ಪ್ರಕಟವಾದ, ಲಕ್ಷಾಂತರ ಜನರ ಮಾಹಿತಿಯನ್ನಾಧರಿಸಿದ ಅಧ್ಯಯನವೊಂದು ಉತ್ತರ ನೀಡುತ್ತದೆ. ಅಲ್ಲಿನ ಒಂಬತ್ತು ಸೂಚನೆಗಳಲ್ಲಿ ಐದು ಅಥವಾ ಹೆಚ್ಚನ್ನು ಪಾಲಿಸಿದವರಲ್ಲಿ, ಎರಡು ಅಥವಾ ಕಡಿಮೆ ಪಾಲಿಸಿದವರಿಗಿಂತ, ಸಾವಿನ ಅಪಾಯ ಶೇ. 7ರಷ್ಟು ಕಡಿಮೆಯಿತ್ತು. ಬಿಡಿ ಸೂಚನೆಗಳ ಪೈಕಿ ಹಣ್ಣು ತರಕಾರಿಯ ಸೂಚನೆಗೇ ಹೆಚ್ಚಿನ ಫಲ ಕಂಡಿತು; ಅಲ್ಲಿ ವ್ಯತ್ಯಾಸ ಶೇ. 10ರಷ್ಟು. ಎಚ್ಚರಿಕೆಯಿಂದ ಉಣ್ಣುವವರು ಬೇರೆ ವಿಷಯಗಳಲ್ಲಿಯೂ ಎಚ್ಚರಿಕೆಯಿಂದಿರಬಹುದಾದುದರಿಂದ ಇದನ್ನು ಪೂರ್ಣ ಪ್ರಮಾಣವೆಂದು ಸ್ವೀಕರಿಸಲಾಗದು. ಆದರೂ ಒಂದು ಮಾತು ಮನನೀಯ: ಎಲ್ಲವನ್ನೂ ಪಾಲಿಸಲಾಗದೆಂದು ಕೈಚೆಲ್ಲಬೇಕಾಗಿಲ್ಲ, ಅರ್ಧ ಪಾಲಿಸಿದವರಲ್ಲೂ ಲಾಭ ಕಂಡುಬಂದಿದೆ.

'ನಮ್ಮ ಹಿರಿಯರು ಇದನ್ನೇ ಉಂಡು ತೊಂಬತ್ತು ವರ್ಷ ಬಾಳಲಿಲ್ಲವೇ?' ಎನ್ನುವವರುಂಟು. ಬಾಳಿದವರು ನಮ್ಮ ಕಣ್ಣ ಮುಂದಿದ್ದರು. ಬೇಗ ತೀರಿಕೊಂಡವರನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ಮೇಲಾಗಿ, ಕುಚ್ಚಲಕ್ಕಿಯ ಗಂಜಿ ಉಂಡು ದಿನವಿಡೀ ಗದ್ದೆ ತೋಟಗಳಲ್ಲಿ ದುಡಿದವರ ಊಟವನ್ನು ಕುರ್ಚಿಯಲ್ಲಿ ಕುಳಿತು ದುಡಿಯುವವರು ಅನುಕರಿಸುವುದು ನ್ಯಾಯವಲ್ಲ.

ನಮ್ಮ ಪರಂಪರೆಯಲ್ಲಿ ಒಳ್ಳೆಯ ಮಾದರಿಯೂ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಕರಾವಳಿಯ ಕಥೊಲಿಕ ಮನೆಗಳಲ್ಲಿ ಹೊಸ ತೆನೆಯ ಊಟಕ್ಕೆ ಬಗೆಬಗೆಯ ತರಕಾರಿಗಳ ಪದಾರ್ಥಗಳನ್ನು ಮಾಡುತ್ತಾರೆ. ಬೆಂಡೆ, ಹೀರೆ, ಅಲಸಂಡೆ, ಹರಿವೆ, ಕೆಸು ಎಲ್ಲವೂ ಅಂದು ತಟ್ಟೆಗೆ ಬರುತ್ತವೆ. ರಾಷ್ಟ್ರೀಯ ಮಾರ್ಗಸೂಚಿ ನಿತ್ಯವೂ ಬಯಸುವುದು ಬಹುಮಟ್ಟಿಗೆ ಆ ಒಂದು ದಿನದ ಊಟವನ್ನೇ. ಬೂತಾಯಿ, ಬಂಗುಡೆಯಂಥ ಮೀನುಗಳು ಹೃದಯಕ್ಕೆ ಹಿತವಾದ ಕೊಬ್ಬನ್ನು ನೀಡುತ್ತವೆ. ಆದರೆ ಅವನ್ನು ಎಣ್ಣೆಯಲ್ಲಿ ಮುಳುಗಿಸಿ ಹುರಿಯುವುದರಿಂದ ಆ ಲಾಭ ಕುಂದುತ್ತದೆ. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳಲ್ಲಿ ಅಡಗಿರುವ ಉಪ್ಪನ್ನು ನಾವು ಎಣಿಸುವುದೇ ಇಲ್ಲ. ಕೊಬ್ಬಿನ ಹಂದಿಮಾಂಸ ಹಬ್ಬದ ಅಡುಗೆಯಾಗಿ ಇರಲಿ. ಪ್ರತಿ ಭಾನುವಾರದ ಹಕ್ಕಾಗುವುದು ಬೇಡ.

ಎರಡು ಮಾತುಗಳನ್ನು ಇಲ್ಲಿ ಮರೆಯಲಾಗದು. ಮೊದಲನೆಯದು ಬೆಲೆ. ಐದಾರು ಜನರಿರುವ ಬಡಕುಟುಂಬಕ್ಕೆ ದಿನಕ್ಕೆ ಎರಡು ಕಿಲೋಗೂ ಮಿಕ್ಕಿದ ತರಕಾರಿ ಕೊಳ್ಳಿರೆಂದು ಹೇಳುವುದು ಸುಲಭ, ಕೊಳ್ಳುವುದು ಕಷ್ಟ. ಹಿತ್ತಲಿನ ಬಸಳೆ, ನುಗ್ಗೆ, ಪಪ್ಪಾಯಿ ಸ್ವಲ್ಪ ನೆರವಾದಾವು. ಆದರೆ ಪಡಿತರದಲ್ಲಿ ಅಕ್ಕಿಯ ಜೊತೆ ಬೇಳೆಕಾಳುಗಳೂ ಬರುವಂತೆ ಒತ್ತಾಯಿಸುವುದು ಸಮಾಜದ ಹೊಣೆ. ಎರಡನೆಯದು, ಈ ಭಾರವನ್ನೆಲ್ಲ ಅಡುಗೆಮನೆಯ ಹೆಣ್ಣುಮಕ್ಕಳ ತಲೆಗೆ ಕಟ್ಟುವುದು ಅನ್ಯಾಯ. ಉಪ್ಪು ಕಡಿಮೆಯಾಯಿತೆಂದು ತಟ್ಟೆ ಸರಿಸುವ ಗಂಡಸು ತಿದ್ದಿಕೊಳ್ಳದಿದ್ದರೆ ಯಾವ ಮಾರ್ಗಸೂಚಿಯೂ ಫಲಿಸದು.

ಬದಲಾವಣೆಯನ್ನು ಸಮುದಾಯವೂ ಆರಂಭಿಸಬಹುದು. ಧರ್ಮಕೇಂದ್ರದ ವಾರ್ಷಿಕ ಹಬ್ಬದ ಉಪಾಹಾರದಲ್ಲಿ ಕರಿದ ತಿಂಡಿಯ ಬದಲು ಹಣ್ಣು, ಬೇಯಿಸಿದ ಕಡಲೆ ಇರಲಿ. ಮದುವೆಯ ಔತಣದಲ್ಲಿ ನಾಲ್ಕು ಬಗೆಯ ಮಾಂಸದ ನಡುವೆ ಎರಡು ಬಗೆಯ ತರಕಾರಿಗೂ ಗೌರವದ ಸ್ಥಾನ ದೊರೆಯಲಿ. ಅತಿಥಿಯನ್ನು ಬಲವಂತದಿಂದ ಉಣ್ಣಿಸುವುದೇ ಪ್ರೀತಿಯೆಂಬ ಭಾವನೆ ತೊಲಗಲಿ. ಈಗಾಗಲೇ ಕಾಯಿಲೆಯಿರುವವರು ವೈದ್ಯರ ಸಲಹೆಯಂತೆ ನಡೆಯಬೇಕು. ಆದರೆ ಮಾರ್ಗಸೂಚಿ ಇರುವುದು ಮುಖ್ಯವಾಗಿ ಆರೋಗ್ಯವಂತರಿಗಾಗಿ, ಕಾಯಿಲೆ ಬರುವ ಮುನ್ನ.

ಮರಣದ ದಿನ ನಮ್ಮ ಕೈಯಲ್ಲಿಲ್ಲ. ಇಂದಿನ ರಾತ್ರಿಯ ಊಟ ನಮ್ಮ ಕೈಯಲ್ಲಿದೆ. ಒಂದು ಸೌಟು ಅನ್ನ ಕಡಿಮೆ, ಒಂದು ಸೌಟು ಪಲ್ಯ ಹೆಚ್ಚು: ಅಷ್ಟರಿಂದಲೇ ಆರಂಭಿಸೋಣ.